ಆವಾಜ್ ಬದಲಾಗಲ್ಲ, ಮತ್ತ್ಯಾಕ?

"ಇದರಿಂದ ಆವಾಜ್ ಬದ್ಲ ಆಕ್ಕೈತೇನೋ ತಮ್ಮಾ?"

"ಇಲ್ರಿ ಅಜ್ಜಾರ."

"ಮತ್ತ್ಯಾಕ?"

ಮೊನ್ನೆ ಶನಿವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದವರು ಹಳೇ ಹುಬ್ಬಳ್ಳಿಯ ಒಬ್ಬ ಹಿರಿಯ ಬಡಿಗೇರರು. ಬಾಗಿಲು, ಕಿಟಕಿ, ದೇವರ ಮಂಟಪ ಅವರ ಕೆಲಸ. ಅವರ ಕೈಯಲ್ಲಿದ್ದದ್ದು ನನ್ನ ಎಲೆಕ್ಟ್ರಿಕ್ ಗಿಟಾರಿನಿಂದ ಬಿಚ್ಚಿಕೊಂಡು ಹೋಗಿದ್ದ ಕ್ರೀಮ್ ಬಣ್ಣದ ಪ್ಲಾಸ್ಟಿಕ್ ಪಿಕಪ್ ರಿಂಗ್. ಪಿಕಪ್ ಅಂದರೆ ತಂತಿಯ ಅಲುಗಾಟ ಹಿಡಿಯುವ ಭಾಗ. ಅದು ಎರಡು ಸ್ಕ್ರೂ, ಎರಡು ಸ್ಪ್ರಿಂಗ್ ಮೇಲೆ ಈ ರಿಂಗಿಗೆ ನೇತಾಡುತ್ತದೆ. ರಿಂಗ್ ನಾಲ್ಕು ಮೂಲೆಯ ಸ್ಕ್ರೂನಿಂದ ಗಿಟಾರಿನ ಮೇಲೆ ಕೂರುತ್ತದೆ. ಅಷ್ಟೇ ಅದರ ಕೆಲಸ. ಅದೇ ನನಗೆ ಅಲೆ ಅಲೆಯಾಗಿ ಗೆರೆ ಇರುವ ಮರದಲ್ಲಿ ಬೇಕಿತ್ತು.

"ಹೌದ್ರಿ, ಆವಾಜ್ ಚಲೋ ಬರ್ತೈತಿ" ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಗಿಟಾರಿನವರು ಸಾಮಾನ್ಯವಾಗಿ ಹಾಗೇ ಹೇಳೋದು. ಹೊಸ ನಾಬ್ ಹಾಕಿಸಿದರೂ ಟೋನ್ ಸುಧಾರಿಸಿತು ಅಂತಾರೆ. ಮನೆಯಲ್ಲಿ ಖರ್ಚಿಗೆ ಕಾರಣ ಹೇಳಬೇಕಲ್ವಾ! ತಂತಿ ಅಲುಗಿದರೆ ಪಿಕಪ್ಪಿನ ಆಯಸ್ಕಾಂತದ ಬಲ ಏರುಪೇರಾಗಿ ತಾಮ್ರದ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಅದರ ಸುತ್ತ ಇರುವುದು ಸಾಗುವಾನಿಯೋ ಪ್ಲಾಸ್ಟಿಕ್ಕೋ, ಆ ಸುರುಳಿಗೆ ಏನೂ ಗೊತ್ತಾಗುವುದಿಲ್ಲ.

ಅವರ ಹತ್ತಿರ ಹೋಗುವ ಮೊದಲು ಸಾಕಷ್ಟು ಕಡೆ ಕೇಳಿದ್ದೆ. ಒಂದು ಮ್ಯೂಸಿಕ್ ಅಂಗಡಿಯವನು ಮೊಬೈಲಿನಿಂದ ತಲೆ ಎತ್ತದೆ "ಬ್ಲ್ಯಾಕ್ ಐತಿ, ಕ್ರೀಮ್ ಐತಿ" ಅಂದ. ಗಿರಾಕಿ ಮುಖ ನೋಡಿದರೆ ಸವೆದು ಹೋಗುತ್ತಾನೇನೋ. ಬೆಂಗಳೂರಿನ ಗೆಳೆಯ ಹೊರದೇಶದಿಂದ ತರಿಸು ಅಂದ. ಅವನಿಗೆ ಎಲ್ಲದಕ್ಕೂ ಒಂದೇ ಔಷಧಿ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿಸಿದರೆ ಎರಡು ರಿಂಗಿನ ದುಡ್ಡಲ್ಲಿ ಮನೆಯ ಮಿಕ್ಸರ್ ಹೊಸದು ಬರುತ್ತದೆ. ಮಿಕ್ಸರ್ ವಿಷಯ ಹೇಳಿದ್ದು ಅವ್ವ.

ನನ್ನ ಗಿಟಾರ್ ಎಪಿಫೋನ್ ಕಂಪನಿಯ ಲೆಸ್ ಪಾಲ್. ಅದರ ಫ್ರೆಟ್‌ಬೋರ್ಡಿಗೆ, ಅಂದರೆ ಬೆರಳೊತ್ತಿ ನುಡಿಸುವ ಪಟ್ಟಿಗೆ, ಹಾಕಿರುವುದು ಇಂಡಿಯನ್ ಲಾರೆಲ್, ಅಂದರೆ ನಮ್ಮ ಮತ್ತಿ ಮರ. ದಾಂಡೇಲಿ, ಹಳಿಯಾಳದ ಕಾಡಿನಲ್ಲಿ ತೊಗಟೆ ಮೊಸಳೆ ಚರ್ಮದಂತೆ ಸೀಳಿಕೊಂಡು ನಿಂತಿರುತ್ತಲ್ಲ, ಅದೇ. 2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ನಿಯಮ ಬಂತು. ಫ್ರೆಟ್‌ಬೋರ್ಡಿಗೆ ಬೀಟೆ ಹಾಕುತ್ತಿದ್ದ ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಮತ್ತಿಗೆ ಗಿಟಾರಿನಲ್ಲಿ ಜಾಗ ಗಟ್ಟಿಯಾಗಿತ್ತು. ನಮ್ಮ ಕಡೆ ತೊಲೆ, ಚೌಕಟ್ಟಿಗೆ ಹಾಕುತ್ತಿದ್ದ ಮರ, ನೋಡಿ!

ಇದನ್ನು ಹೇಳಿದಾಗ ಅಜ್ಜಾರು ಮಾತಾಡಲಿಲ್ಲ. ಒಳಗೆ ಹೋಗಿ ಧಾರವಾಡದ ಯಾವುದೋ ಹಳೇ ಮನೆ ಕೆಡವಿದಾಗ ತಂದಿಟ್ಟಿದ್ದ ಮತ್ತಿ ತೊಲೆಯ ತುಂಡೊಂದನ್ನು ತಂದರು. ಕಪ್ಪಗೆ, ಧೂಳು ಹಿಡಿದು, ಒಲೆಗೆ ಹಾಕುವಂತಿತ್ತು. ಸ್ವಲ್ಪ ಕೆತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿದರು. ಕಂದು ಮರದ ಮೇಲೆ ಅಡ್ಡಡ್ಡ ಪಟ್ಟಿಗಳು ಎದ್ದವು. ವಾಲಿಸಿದಂತೆಲ್ಲ ಹೊಳಪು ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಹೊಳಪು. ಮರದ ನಾರು ನೆಟ್ಟಗೆ ಬೆಳೆಯದೆ ಬಳುಕಿಕೊಂಡು ಹೋದಲ್ಲಿ ಹೀಗಾಗುತ್ತದೆ. ಒಂದು ಕಡೆ ನಾರಿನ ಪಕ್ಕೆಗೆ ಬೆಳಕು ಬೀಳುತ್ತದೆ, ಇನ್ನೊಂದು ಕಡೆ ತುದಿಗೆ. ತೊಲೆ ಮಾಡುವವನಿಗೆ ಇಂಥ ಮರ ಕಿರಿಕಿರಿ. ಕೀಸಿದರೆ ಕಿತ್ತು ಬರುತ್ತದೆ.

"ಇದ್ಕೇನೋ ಆಸೆ?" ಅಂದರು. ಹೌದು ಅಂದೆ. ಆಗಲೇ ಬಂದದ್ದು ಆ ಪ್ರಶ್ನೆ, ಆವಾಜಿನದು.

ಮೊದಲನೇ ರಿಂಗ್ ಉಳಿ ಆಡಿಸುವಾಗಲೇ ಪಟ್ ಅಂತು. ಒಂದೇ ಹಲಗೆಯಿಂದ ಚೌಕಟ್ಟು ಕತ್ತರಿಸಿದರೆ ಎರಡು ಬದಿಯಲ್ಲಿ ನಾರು ಉದ್ದಕ್ಕೆ ಓಡುತ್ತದೆ, ಉಳಿದ ಎರಡರಲ್ಲಿ ಅಡ್ಡಕ್ಕೆ. ಅಡ್ಡ ಇರುವ ಬದಿಯಲ್ಲಿ ಬಲವೇ ಇರುವುದಿಲ್ಲ. ಸ್ಕ್ರೂ ತೂತು ಬೇರೆ ಅಲ್ಲೇ. ಅಜ್ಜಾರಿಗೆ ಸಿಟ್ಟು ಬರಲಿಲ್ಲ. ಮತ್ತಿಯನ್ನು ತೆಳ್ಳಗೆ ಸೀಳಿ, ಕೆಳಗೆ ತೆಳು ಪ್ಲೈವುಡ್ ಅಂಟಿಸಿ, ಕ್ಲ್ಯಾಂಪಿನಲ್ಲಿ ರಾತ್ರಿಯಿಡೀ ಬಿಗಿದಿಟ್ಟರು. ಮರುದಿನ ಕತ್ತರಿಸಿದಾಗ ಒಡೆಯಲಿಲ್ಲ. ಸ್ಕ್ರೂಗೆ ಮೊದಲೇ ಸಣ್ಣ ತೂತು ಹಾಕಿ, ಸ್ಕ್ರೂ ಮೈಗೆ ಸಾಬೂನು ಸವರಿ ಕೂರಿಸಿದರು.

ಬ್ರಿಜ್, ಅಂದರೆ ತಂತಿ ಕೂರುವ ಕುದುರೆ, ಅದರ ಕಡೆಯ ರಿಂಗ್ ಎತ್ತರ; ಕತ್ತಿನ ಕಡೆಯದು ಗಿಡ್ಡ. ಗಿಟಾರಿನ ಕತ್ತು ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಹಾಗಾಗಿ ಬ್ರಿಜ್ ಹತ್ತಿರ ಬಂದಂತೆ ತಂತಿ ಮೇಲೇರುತ್ತದೆ. ಮೇಲ್ಮೈ ಬೇರೆ ಉಬ್ಬು. ರಿಂಗಿನ ತಳವನ್ನು ಆ ಉಬ್ಬಿಗೆ ಹೊಂದಿಸಬೇಕು. ಅಜ್ಜಾರು ಗಿಟಾರಿನ ಮೇಲೆ ಪಂಚೆ ತುಂಡು ಹಾಸಿ, ಅದರ ಮೇಲೆ ಪಾಲಿಶ್ ಪೇಪರ್ ಅಂಗಾತ ಇಟ್ಟು, ರಿಂಗನ್ನು ಅದರ ಮೇಲೇ ತಿಕ್ಕಿದರು. ಗಿಟಾರೇ ಅಚ್ಚಾಯಿತು. ಅವರು ಅವತ್ತಿಗೆ ಮೊದಲು ಎಲೆಕ್ಟ್ರಿಕ್ ಗಿಟಾರ್ ಮುಟ್ಟಿರಲಿಲ್ಲ!

ಎರಡಕ್ಕೂ ಸೇರಿ ನಾನೂರು ರೂಪಾಯಿ ತಗೊಂಡರು. ಜಾಸ್ತಿ ಕೊಡಲು ಹೋದರೆ ಬೈದರು.

ಆದರೆ ಆ "ಮತ್ತ್ಯಾಕ" ಮಾತ್ರ ಬಿಡುತ್ತಿಲ್ಲ. "ಚೆಂದ ಕಾಣ್ಲಿ ಅಂತ" ಅನ್ನೋಕೆ ಅವತ್ತು ನನಗೆ ಬಾಯಿ ಬರಲಿಲ್ಲ, ಸುಮ್ನೆ ನಕ್ಕೆ. ಗಂಗೂಬಾಯಿ, ಮನ್ಸೂರರ ಊರುಗಳಲ್ಲಿ ಬೆಳೆದವರಿಗೆ ನಾದ ದೊಡ್ಡದು, ರೂಪದ ಮಾತೆತ್ತಲು ನಾಚಿಕೆ. ಸಿತಾರ ರತ್ನ ರಹಿಮತ್ ಖಾನರು ನೆಲೆಸಿದ ಧಾರವಾಡದಲ್ಲಿ ಪಿಕಪ್ ರಿಂಗಿನ ಚೆಂದದ ಬಗ್ಗೆ ಯಾರ ಹತ್ತಿರ ಮಾತಾಡೋದು? ಆದರೆ ಅದೇ ಊರಿನ ಮನೆಗಳ ಮೂಲೆಯಲ್ಲಿರುವ ಮಿರಜಿನ ತಂಬೂರಿ ನೋಡಿ. ಬುರುಡೆ ಕೂಡುವಲ್ಲಿ ಎಲೆಯ ಕೆತ್ತನೆ, ಅಂಚಿಗೆಲ್ಲ ಬಿಳಿ ಪಟ್ಟಿ, ಹೂ ಬಳ್ಳಿ. ಆ ಬಳ್ಳಿ ತೆಗೆದರೆ ಷಡ್ಜ ಕೆಡುತ್ತದೆಯೇ? ಯಾರೂ ತೆಗೆಯಲ್ಲ. ಕಲಘಟಗಿ ತೊಟ್ಟಿಲಿಗೆ ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆಯುತ್ತಾರೆ. ಚಿತ್ರ ಇಲ್ಲದಿದ್ದರೂ ಕೂಸು ಮಲಗುತ್ತದೆ. ನಾದವೇ ಎಲ್ಲ ಅಂತ ಬಾಯಲ್ಲಿ ಹೇಳುತ್ತೇವೆ, ಕೈ ಮಾತ್ರ ಹೂ ಕೆತ್ತುತ್ತಲೇ ಇರುತ್ತದೆ. ಅಜ್ಜಾರು ಮಾಡುವ ಮಂಟಪದಲ್ಲೂ ನವಿಲು ಇದೆ. ಅದನ್ನು ತೋರಿಸಿ "ಇದ್ಯಾಕ್ರಿ?" ಅನ್ನಬಹುದಿತ್ತು. ಅಂದಿದ್ದರೆ ಏನು ಹೇಳುತ್ತಿದ್ದರೋ. "ದೇವ್ರಿಗಪಾ" ಅಂದುಬಿಡುತ್ತಿದ್ದರು, ಖಂಡಿತ.

ಮಾಡಿಸುವವರಿದ್ದರೆ ಒಂದು ಮಾತು. ಪಿಕಪ್ಪನ್ನೂ ಹಳೇ ರಿಂಗನ್ನೂ ಗಿಟಾರನ್ನೂ ಒಟ್ಟಿಗೆ ಒಯ್ಯಿರಿ. ತೂತಿನಿಂದ ತೂತಿಗೆ ಅಳತೆ ಟೇಪಿನಲ್ಲಿ ಸರಿ ಬರಲ್ಲ, ಕ್ಯಾಲಿಪರ್ ಬೇಕು. ತಂತಿ ಬಿಚ್ಚಿ ಒಯ್ಯಿರಿ. ಮತ್ತೆ, ಆವಾಜ್ ಬದಲಾಗುತ್ತಾ ಅಂತ ಕೇಳಿಯೇ ಕೇಳುತ್ತಾರೆ.