ರಸದ ಹೆಸರು ಹೇಳಬಹುದೇ?

ಬಿ.ಎ. ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟರು ಕಾವ್ಯಮೀಮಾಂಸೆಯ ಪಾಠದ ನಡುವೆಯೇ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಎತ್ತಿಕೊಂಡರು. 1932ರ ‘ಗರಿ’ ಸಂಕಲನದ ಈ ಕವಿತೆ ನಮಗೆಲ್ಲ ಹಾಡಾಗಿಯೇ ಪರಿಚಿತ. 1967ರ ‘ಬೆಳ್ಳಿಮೋಡ’ ಚಿತ್ರಕ್ಕೆ ವಿಜಯಭಾಸ್ಕರ್ ಹಾಕಿದ ಧಾಟಿ, ಎಸ್. ಜಾನಕಿಯವರ ದನಿ. ಅದನ್ನು ಬಿಟ್ಟು ‘ಮೂಡಲ ಮನೆಯ’ ಎಂದು ಓದುವುದೇ ಕಷ್ಟವಾಗಿತ್ತು. ಮೇಷ್ಟರು ಹಟ ಹಿಡಿದು ಓದಿಸಿದರು.

ಆಮೇಲೆ ಕೇಳಿದರು: “ರಸ, ಅಂದರೆ ಕಾವ್ಯ ಓದುವವನಲ್ಲಿ ಮೂಡಿಸುವ ಭಾವದ ಸವಿ, ವ್ಯಂಗ್ಯವಾಗಿ, ಅಂದರೆ ನೇರವಾಗಿ ಹೇಳದೆ ಸೂಚನೆಯಿಂದಲೇ ತೋರಬೇಕು, ಅದರ ಹೆಸರನ್ನೇ ಹೇಳಿಬಿಟ್ಟರೆ ದೋಷ ಎಂದು ಸಂಸ್ಕೃತ ಕಾವ್ಯಶಾಸ್ತ್ರಜ್ಞ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಹೇಳುತ್ತಾನೆ. ಬೇಂದ್ರೆಯವರು ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಪದ್ಯದಲ್ಲಿ, ‘ಶಾಂತಿರಸವೇ’ ಎಂದು ಬಾಯಿಬಿಟ್ಟು ಹೇಳಿದ್ದಾರಲ್ಲ, ಏನು ಮಾಡೋಣ?”

ತರಗತಿ ಎರಡು ಪಾಲಾಯಿತು. ಶಾಸ್ತ್ರ ಹಳೆಯದು, ಬಿಡಿ ಎಂದರು ಕೆಲವರು. ಮೇಷ್ಟರು ಅದನ್ನು ಒಪ್ಪಲಿಲ್ಲ. ಕವಿತೆಯೊಳಗೇ ಉತ್ತರ ಹುಡುಕಿ ಎಂದರು. ನಾವು ಸಾಲುಗಳ ಬಾಲ ಹಿಡಿದು ಹೊರಟೆವು. ಹಾಡುಗಬ್ಬದ ಹಾಗೆ ಇಲ್ಲಿ ಸಾಲಿನ ಕೊನೆ ಮತ್ತೆ ಮತ್ತೆ ಮರಳುತ್ತದೆ. ‘ಪುಟಪುಟನೇ ಪುಟಿದು, ತಾನೇ ಪುಟಪುಟನೇ ಪುಟಿದು’: ಮರಳುವಾಗ ಒಂದು ಚಿಕ್ಕ ಪದ ಕೂಡಿಕೊಳ್ಳುತ್ತದೆ. ಕಿವಿ ಇದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಕೊನೆಯ ನುಡಿಯಲ್ಲಿ ‘ಮೈದೋರಿತಣ್ಣಾ’ ಎಂದ ಮೇಲೆ ಆ ಮಾತು ಮರಳುವುದಿಲ್ಲ. ಅದರ ಜಾಗದಲ್ಲಿ ‘ಇದು ಬರಿ ಬೆಳಗಲ್ಲೋ ಅಣ್ಣಾ’ ಎಂಬ ಹೊಸ ಮಾತೇ ಬರುತ್ತದೆ. ರಸದ ಹೆಸರು ಹೇಳಿ ಕವಿ ಅಲ್ಲಿಗೇ ನಿಲ್ಲಲಿಲ್ಲ. ನಾದ ಹಾಕಿಕೊಂಡ ಕಟ್ಟನ್ನು ನಾದವೇ ಮುರಿದಾಗ, ಹೆಸರಿಗೆ ನಿಲುಕದ್ದು ತೆರೆದುಕೊಳ್ಳುತ್ತದೆ. ಮಮ್ಮಟನ ಆಕ್ಷೇಪ ಸರಿಯಾದದ್ದೇ, ಆದರೆ ಈ ಕವಿತೆಗೆ ಅದು ತಗಲುವುದಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಬರೀ ಅರ್ಥ ಬಿಡಿಸುವ ವಿಮರ್ಶೆಗೆ ಈ ತಿರುವು ಕಾಣುವುದೇ ಇಲ್ಲ. ಧಾಟಿಯನ್ನಷ್ಟೇ ಸವಿಯುವವರಿಗೂ ಅದು ತಪ್ಪಿಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟರ ಜೊತೆ ನನ್ನ ಜಗಳ ಮುಗಿದಿಲ್ಲ. ‘ಕಂಡಿತು ಕಣ್ಣು, ಸವಿದಿತು ನಾಲಿಗೆ’ ಎಂದು ಐದೂ ಇಂದ್ರಿಯಗಳನ್ನು ಸಾಲಾಗಿ ಹೇಳುವ ನುಡಿ ಸಪ್ಪೆ, ಪಟ್ಟಿಯಂತಿದೆ ಎಂದು ಅವರು ಹೇಳುತ್ತಿದ್ದರು. ನನಗೆ ಹಾಗೆ ಅನಿಸಿಲ್ಲ. ಮರುನುಡಿಯಲ್ಲೇ ಕವಿ ‘ಕಣ್ಣಿಗೆ ಕಾಣದೊ ಬಣ್ಣಾ’ ಎನ್ನುತ್ತಾರೆ. ಜಗವನ್ನೆಲ್ಲ ತೋಯಿಸಿದ ಬೆಳಕನ್ನು ಕಂಡ ಅದೇ ಕಣ್ಣು ಅಲ್ಲಿ ಸೋಲಬೇಕು. ಸೋಲುವ ಮೊದಲು ಇಂದ್ರಿಯಗಳೆಲ್ಲ ಒಮ್ಮೆ ತುಂಬಿ ನಿಲ್ಲಲೇಬೇಕಲ್ಲವೇ, ಸರ್?