ನಲ್ಲಿ ಹತ್ರ ಜಗಳ ಆಗ್ತಿತ್ತಾ ಕೇಳು

ನಿನ್ನೆ ರಾತ್ರಿ ಅಮ್ಮ ಬೆಂಗಳೂರಿಂದ ಫೋನ್ ಮಾಡಿ, ಮನೆ ಸೇರಿದೆ, ಲಗೇಜ್ ಎಲ್ಲ ಬಂತು, ಫ್ರಿಜ್ಜಲ್ಲಿ ಇಟ್ಟು ಬಂದಿದ್ದ ಹುಳಿ ಖಾಲಿ ಮಾಡಿದ್ಯಾ ಅಂತೆಲ್ಲ ವಿಚಾರಿಸಿ, ಇನ್ನೇನು ಇಡ್ತಾಳೆ ಅನ್ನೋವಾಗ "ಆ ಅಜ್ಜಿಗೆ ಸರಿಯಾಗಿ ಹೇಳಿದ್ಯಾ ಇಲ್ವಾ?" ಅಂದ್ಲು. ಹೇಳ್ತೀನಿ ಕಣಮ್ಮ ಅಂದೆ. "ನಿನ್ನ ಹೇಳ್ತೀನಿ ನಂಗೊತ್ತಿಲ್ವಾ" ಅಂತ ಇಟ್ಟೇಬಿಟ್ಲು. ಅದಾದ್ಮೇಲೆ ನಿದ್ದೆ ಬರಲಿಲ್ಲ.

ಅಮ್ಮ ಮೂರು ವಾರ ವಿಯೆನ್ನಾದಲ್ಲಿ ನನ್ನ ಹತ್ರ ಇದ್ಲು. ಅವಳು ಬರೋಕೆ ಮುಂಚೆನೇ ನಮ್ಮ ಭಾವ ಒಂದು ಎಕ್ಸೆಲ್ ಶೀಟ್ ಕಳಿಸಿದ್ರು, ಅರಮನೆ, ಒಪೆರಾ, ಸ್ಟೀಫನ್ಸ್ ಕ್ಯಾಥೆಡ್ರಲ್, ಒಂದೊಂದಕ್ಕೂ ಎಷ್ಟು ನಿಮಿಷ ಅಂತ ಕಾಲಂ ಬೇರೆ. ಭಾವ ಒಳ್ಳೆಯವರೇ, ಆದ್ರೆ ಊರು ನೋಡೋದು ಅಂದ್ರೆ ಅವರಿಗೆ ಅಟೆಂಡೆನ್ಸ್ ಹಾಕಿದ ಹಾಗೆ. ನಾನು ಅವರನ್ನ ಆಡ್ಕೊಂಡು ನಗ್ತೀನಿ, ಯಾಕಂದ್ರೆ ನಾನು ಆಫ್‌ಬೀಟ್ ಜನ ನೋಡಿ. ಆರು ವರ್ಷದಿಂದ ಇಲ್ಲಿದ್ದೀನಿ, ಟೂರಿಸ್ಟ್ ಬಸ್ ನಿಲ್ಲೋ ಕಡೆ ಇಳಿಯೋದೇ ಇಲ್ಲ. ನನ್ನ ಹುಚ್ಚು ಏನಂದ್ರೆ ಹಳೇ ಬಾಡಿಗೆ ಕಟ್ಟಡಗಳು. ರಸ್ತೆ ಬಾಗಿಲು ಯಾರಾದ್ರೂ ತೆಗೆದಿಟ್ಟಿದ್ರೆ ಒಳಗೆ ನುಗ್ಗಿಬಿಡ್ತೀನಿ, ಸವೆದ ಕಲ್ಲಿನ ಮೆಟ್ಟಿಲು, ಹೂವಿನ ಚಿತ್ರದ ನೆಲದ ಟೈಲ್ಸು, ಆಮೇಲೆ ಕಾರಿಡಾರ್ ಗೋಡೆಗೆ ಕೂರಿಸಿರೋ ಬಸ್ಸೇನಾ. ಬಸ್ಸೇನಾ ಅಂದ್ರೆ ಎರಕದ ಕಬ್ಬಿಣದ ಒಂದು ಪುಟ್ಟ ತೊಟ್ಟಿ, ಮೇಲೊಂದು ನಲ್ಲಿ, ಹಿಂದೆ ಗೋಡೆಗೆ ಬಳ್ಳಿ ಬಳ್ಳಿ ಡಿಸೈನಿನ ಫಲಕ. ಒಂದು ಮಹಡಿಯ ಅಷ್ಟೂ ಮನೆಗೆ ಅದೊಂದೇ ನೀರು. ಈಗ ಎಲ್ಲ ಮನೆ ಒಳಗೂ ನೀರು ಬಂದಿದೆ, ಇದು ಸುಮ್ನೆ ನಿಂತಿರತ್ತೆ. ನನ್ನ ಫೋನಲ್ಲಿ ಬಸ್ಸೇನಾಗಳದ್ದೇ ಒಂದು ಆಲ್ಬಮ್ ಇದೆ, ನಲವತ್ತಕ್ಕೂ ಹೆಚ್ಚು ಫೋಟೋ, ಬೆಳಕು ಓರೆಯಾಗಿ ಬಿದ್ದಿರೋದು, ತುಕ್ಕು ಹಿಡಿದಿರೋದು, ಯಾರೋ ಒಳಗೆ ಗಿಡ ಇಟ್ಟಿರೋದು.

ಕಳೆದ ಭಾನುವಾರ ಬೆಳಿಗ್ಗೆ ಒಟ್ಟಾಕ್ರಿಂಗಲ್ಲಿರೋ ನನ್ನ ಕಲೀಗ್ ಮನೆಗೆ ತಿಂಡಿಗೆ ಕರೆದಿದ್ಲು. ಹಿಂದಿನ ದಿನ ಶೋನ್‌ಬ್ರುನ್ ಅರಮನೆ ಆಗಿತ್ತು, ಭಾವನ ಶೀಟಿಗೆ ಮರ್ಯಾದೆ ಕೊಟ್ಟು. ಅಲ್ಲಿ ಅಮ್ಮ "ಚೆನ್ನಾಗಿದೆ, ಇಷ್ಟೊಂದು ಕಸ ಯಾರು ಗುಡಿಸ್ತಿದ್ರೋ" ಅಂತ ಒಂದು ಮಾತು ಹೇಳಿ ಬೆಂಚ್ ಮೇಲೆ ಕೂತುಬಿಟ್ಟಿದ್ಲು. ಕಲೀಗ್ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮ ಮಂಡಿ ಹಿಡ್ಕೊಂಡು ನಿಧಾನಕ್ಕೆ ಹತ್ತಿ, ತಿರುವಲ್ಲಿ ಉಸಿರು ತಗೊಳೋಕೆ ಅಂತ ನಿಂತ್ಲು. ಅಲ್ಲಿ ಬಸ್ಸೇನಾ ಇತ್ತು, ಅದರಲ್ಲಿ ನೀರೂ ಬರ್ತಿತ್ತು. ಎಂಬತ್ತು ದಾಟಿರಬಹುದಾದ ಒಬ್ಬ ಅಜ್ಜಿ ಹಸಿರು ಪ್ಲಾಸ್ಟಿಕ್ ಕ್ಯಾನ್ ಇಟ್ಟು ಕಿಟಕಿ ಗಿಡಗಳಿಗೆ ನೀರು ಹಿಡೀತಿದ್ರು.

ಅಮ್ಮ ನೋಡಿದ್ಲು. ಕಾರಿಡಾರಿನ ಉದ್ದಕ್ಕೂ ಬಾಗಿಲುಗಳನ್ನ ಎಣಿಸಿದ್ಲು, ಬೆರಳು ಮಡಚಿ, ಒಂದು ಎರಡು ಮೂರು ನಾಲ್ಕು ಐದು. ಮತ್ತೆ ನಲ್ಲಿ ನೋಡಿದ್ಲು. ಆಮೇಲೆ ನನ್ನ ಕಡೆ ತಿರುಗಿ, "ಕೇಳೇ ಅವ್ರನ್ನ, ಇಲ್ಲೂ ನಲ್ಲಿ ಹತ್ರ ಜಗಳ ಆಗ್ತಿತ್ತಾ ಅಂತ."

ನಂಗೆ ನಗು ಬಂತು, ಕೇಳಿದೆ. ಅಜ್ಜಿ ಕ್ಯಾನ್ ಕೆಳಗಿಟ್ಟು ಗಟ್ಟಿಯಾಗಿ ನಕ್ಕು, ಅದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ, ಬಸ್ಸೇನಾಟ್ರಾಚ್ ಅಂತ, ಅಂದ್ರು. ನಲ್ಲಿಕಟ್ಟೆ ಹರಟೆ, ಚಾಡಿ, ಗುಸುಗುಸು ಎಲ್ಲ ಸೇರಿಸಿದ ಪದ. ತಾವು ಇದೇ ಮಹಡಿಯಲ್ಲಿ ಹುಟ್ಟಿದವರಂತೆ. ಐದು ಮನೆಗೆ ಇದೊಂದು ನಲ್ಲಿ, ಆ ಮೂಲೆಯಲ್ಲಿದ್ದ ಎರಡು ಟಾಯ್ಲೆಟ್ಟು, ಚಳಿಗಾಲದಲ್ಲಿ ಅದರ ಪೈಪ್ ಕಟ್ಟಿಕೊಳ್ಳೋದು. ಅಡುಗೆಮನೆ ಕಿಟಕಿ ತೆಗೆದ್ರೆ ಕಾರಿಡಾರಿಗೇ, ಯಾರ ಮನೇಲಿ ಏನು ಬೇಯ್ತಿದೆ, ಯಾರ ಮನೇಲಿ ಏನೂ ಬೇಯ್ತಿಲ್ಲ ಅಂತ ಎಲ್ಲರಿಗೂ ಗೊತ್ತಾಗೋದು. ಅಮ್ಮ ನನ್ನ ಅನುವಾದಕ್ಕೂ ಕಾಯದೆ "ಹ್ಞೂಂ ಹ್ಞೂಂ" ಅಂತಿದ್ಲು. "ಯಾರು ಮೊದ್ಲು ಹಿಡಿಯೋರು ಕೇಳು." ಹೌಸ್‌ಮೈಸ್ಟರ್ ಹೆಂಡತಿ, ಅಂದ್ರೆ ಕಟ್ಟಡ ನೋಡ್ಕೊಳ್ಳೋನ ಹೆಂಡತಿ. "ಅಯ್ಯೋ, ನಮ್ಮಲ್ಲಿ ಓನರ್ ಹೆಂಡ್ತಿ" ಅಂದ್ಲು ಅಮ್ಮ, ಯಾವುದೋ ಹಳೇ ಕೇಸಿನ ಸಾಕ್ಷಿ ಸಿಕ್ಕಿದ ಹಾಗೆ.

ಇಲ್ಲಿವರೆಗೆ ಸರಿ. ಕೊನೆಗೆ ಅಜ್ಜಿ ನಲ್ಲಿ ನಿಲ್ಲಿಸಿ, ಕೈ ಒರೆಸ್ಕೊಂಡು, "ಶೋನ್ ವಾರ್ ದೆಸ್ ನೆಟ್" ಅಂದ್ರು. ಚೆನ್ನಾಗೇನೂ ಇರಲಿಲ್ಲ. ಅಷ್ಟೇ, ಮೂರು ನಾಲ್ಕು ಪದ, ವಿಯೆನ್ನಾದವರ ಎಳೆದು ಮಾತಾಡೋ ಧಾಟಿಯಲ್ಲಿ.

ನಾನು ಅಮ್ಮನಿಗೆ ಏನು ಹೇಳಿದೆ ಗೊತ್ತಾ? "ಆಗಿನ ಕಾಲ ಚೆನ್ನಾಗಿತ್ತು ಅಂತಿದಾರೆ ಅಮ್ಮ, ಎಲ್ಲಾ ಒಟ್ಟಿಗಿದ್ರಂತೆ."

ನಂಗೆ ಜರ್ಮನ್ ಬರಲ್ವಾ? ಬರತ್ತೆ. ಆಫೀಸಲ್ಲಿ ದಿನವಿಡೀ ಅದೇ ಭಾಷೇಲಿ ಮೀಟಿಂಗು. ಆ 'ನೆಟ್' ಅಂದ್ರೆ ಅಲ್ಲ ಅಂತ ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಆದ್ರೂ ಬಾಯಿಂದ ಬಂದಿದ್ದು ಅದು. ಸುಳ್ಳು ಹೇಳಬೇಕು ಅಂತ ಯೋಚನೆ ಮಾಡಿ ಹೇಳಿದ್ದಲ್ಲ, ವಾಕ್ಯ ಮೊದಲೇ ರೆಡಿಯಾಗಿ ಕೂತಿತ್ತು.

ಅಮ್ಮ ಒಂದು ಸಲ ಅಜ್ಜಿ ಮುಖ ನೋಡಿದ್ಲು, ಒಂದು ಸಲ ನನ್ನ ಮುಖ. "ಅವರ ಮುಖ ಹಾಗೆ ಹೇಳ್ತಿಲ್ವಲ್ಲೇ."

ಈ ವಾರವಿಡೀ ನನ್ನ ತಲೇಲಿ ಓಡ್ತಿರೋದು ಇದೇ. ಅವರ ಮುಖ ಹಾಗೆ ಹೇಳ್ತಿಲ್ವಲ್ಲೇ. ಟ್ರಾಮಲ್ಲಿ, ಆಫೀಸ್ ಕಾಫಿ ಮಷಿನ್ ಮುಂದೆ, ನಿನ್ನೆ ಫೋನ್ ಇಟ್ಟಮೇಲಂತೂ ಕೇಳಲೇಬೇಡಿ.

ನಾನು ತಡವರಿಸಿ, ಹ್ಞಾಂ, ಕಷ್ಟನೂ ಇತ್ತಂತೆ ಅಂತ ತೇಪೆ ಹಾಕೋ ಅಷ್ಟರಲ್ಲಿ ಅಮ್ಮ ಅಜ್ಜಿ ಕಡೆನೇ ತಿರುಗಿ, ಕನ್ನಡದಲ್ಲೇ, ನೇರವಾಗಿ ಅವರಿಗೇ ಹೇಳೋಕೆ ಶುರು ಮಾಡಿದ್ಲು. "ನಂಗೂ ಅಷ್ಟೇ. ಬೆಳಗಿನ ಜಾವ ನಾಲ್ಕಕ್ಕೆ ನೀರು ಬಿಡೋರು, ಎಂಟು ಮನೆಗೆ ಒಂದು ನಲ್ಲಿ. ಇವಳು ಹೊಟ್ಟೇಲಿ ಏಳು ತಿಂಗಳು, ಬಿಂದಿಗೆ ಎತ್ಕೊಂಡು ಪಾಚಿ ಮೇಲೆ ಜಾರಿದ್ದೆ. ಯಾರೂ ಸರದಿ ಬಿಟ್ಟು ಬರ್ಲಿಲ್ಲ. ಬೈಯಲ್ಲ ಅವ್ರನ್ನ, ನಾನಾದ್ರೂ ಬಿಡ್ತಿರ್ಲಿಲ್ಲ, ಅರ್ಧ ಗಂಟೆಗೆ ನೀರು ನಿಂತೋಗೋದು. ಒಳಗೆ ನಲ್ಲಿ ಇರೋ ಮನೆಗೆ ಹೋದ್ಮೇಲೆ ಒಂದು ದಿನಾನೂ ಆ ವಠಾರ ನೆನೆಸ್ಕೊಂಡಿಲ್ಲ." ಆಮೇಲೆ ನಂಗೆ, "ಹೇಳು ಇವರಿಗೆ."

ಜಾರಿದ ಕತೆ ನಂಗೆ ಗೊತ್ತೇ ಇರಲಿಲ್ಲ. ಬಾಯಿ ಒಣಗಿತು. ಅಷ್ಟರಲ್ಲಿ ಕಲೀಗ್ ಬಾಗಿಲು ತೆಗೆದು ಗ್ರೂಸ್ ಗಾಟ್ ಅಂತ ಸಡಗರದಿಂದ ಒಳಗೆ ಕರೆದ್ಲು, ಅಜ್ಜಿ ಅಮ್ಮನ ಕೈ ತಟ್ಟಿ ಕ್ಯಾನ್ ಎತ್ಕೊಂಡು ಹೊರಟೇಬಿಟ್ರು. ಅಮ್ಮ ಹೇಳಿದ್ದು ನನ್ನ ಹತ್ರನೇ ಉಳಿದುಹೋಯ್ತು.

ವಠಾರದ ಬಗ್ಗೆ ನಾನು ಹಿಂದೆ ಒಂದು ಪೋಸ್ಟ್ ಹಾಕಿದ್ದೆ, ಫೇಸ್‌ಬುಕ್ಕಲ್ಲಿ. ನಂಗೆ ಮೂರು ವರ್ಷ ಆಗೋ ಹೊತ್ತಿಗೆ ನಾವು ಚಾಮರಾಜಪೇಟೆಯ ಆ ವಠಾರ ಬಿಟ್ಟಾಗಿತ್ತು, ಅಂದ್ರೆ ನಂಗೆ ನೆನಪಿರೋದು ಅಷ್ಟೂ ಬೇರೆಯವರ ನೆನಪು. ಆದ್ರೂ ಬಿಂದಿಗೆ ಸಾಲು, ರಂಗೋಲಿ, ಒಬ್ಬರ ಮನೆ ಸಾರು ಇನ್ನೊಬ್ಬರ ಮನೆಗೆ, ಈಗಿನ ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ, ಇತ್ಯಾದಿ ಇತ್ಯಾದಿ. ಇನ್ನೂರು ಲೈಕು. ಅಮ್ಮನೂ ಲೈಕ್ ಒತ್ತಿದ್ಲು. ಮಗಳು ಬರೆದಿದ್ದಾಳೆ ಅಂತ ಒತ್ತಿರಬೇಕು, ಓದಿದ್ಲೋ ಇಲ್ವೋ ಈಗ ಅನುಮಾನ.

ತಮಾಷೆ ಏನಂದ್ರೆ ಬಸ್ಸೇನಾ ಬಂದಾಗ ಅದೇ ದೊಡ್ಡ ಪ್ರಗತಿ. ಅದಕ್ಕೆ ಮುಂಚೆ ಅಂಗಳದ ಬಾವಿ. 1873ರಲ್ಲಿ ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ವಿಯೆನ್ನಾಕ್ಕೆ ಮೊದಲ ಕೊಳವೆ ಮಾರ್ಗ ಬಂತು, 1910ರಲ್ಲಿ ಎರಡನೆಯದು, ಪಂಪ್ ಗಿಂಪ್ ಇಲ್ಲದೆ ಬರೀ ಇಳಿಜಾರಲ್ಲೇ ನೀರು ಹರಿದು ಊರಿಗೆ ಬರೋ ಹಾಗೆ. ಬೆಂಗಳೂರಿಗೆ ಕಾವೇರಿಯನ್ನ ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪ್ ಮಾಡಿ ತರ್ತೀವಲ್ಲ, ಇಲ್ಲಿ ಬೆಟ್ಟದ್ದು ತಾನಾಗೇ ಇಳಿಯುತ್ತೆ. ಆದ್ರೆ ಅಷ್ಟು ಚೆಂದದ ನೀರು ಬಡವರ ಕಟ್ಟಡದಲ್ಲಿ ಕಾರಿಡಾರಿನ ನಲ್ಲಿಗೆ ಬಂದು ನಿಂತುಬಿಡ್ತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಊರಿನ ಸಣ್ಣ ಮನೆಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮನೆ ಒಳಗೆ ನಲ್ಲಿ ಇರಲಿಲ್ಲ. ಬಾಡಿಗೆ ಕಟ್ಟೋಕಾಗದೆ ಜನ ಹಾಸಿಗೆಯನ್ನೇ ಪಾಳಿ ಮೇಲೆ ಬಾಡಿಗೆಗೆ ಕೊಡ್ತಿದ್ರು, ರಾತ್ರಿ ಪಾಳಿಯವನು ಹಗಲು ಬಂದು ಮಲಗಿ ಹೋಗೋದು. ಇದೆಲ್ಲ ನಂಗೆ ಮೊದ್ಲೇ ಗೊತ್ತಿತ್ತು, ಫೋಟೋ ಕೆಳಗೆ ಕ್ಯಾಪ್ಷನ್ ಆಗಿ ಹಾಕಿದ್ದೂ ಉಂಟು.

ತಿಂಡಿ ಮುಗಿಸಿ ಅಮ್ಮನ್ನ ಎಸ್45 ರೈಲಲ್ಲಿ ಹೈಲಿಗೆನ್‌ಸ್ಟಾಡ್ಟಿಗೆ ಕರ್ಕೊಂಡು ಹೋದೆ. ಕಾರ್ಲ್ ಮಾರ್ಕ್ಸ್ ಹೋಫ್ ತೋರಿಸೋದು ನನ್ನ ಪ್ಲಾನಲ್ಲಿ ಮೊದ್ಲೇ ಇತ್ತು, ನಮ್ಮ ಆಫ್‌ಬೀಟ್ ಜನರ ಕಾಶಿ ಅದು. 1927ರಿಂದ 1930ರ ನಡುವೆ ಕಾರ್ಲ್ ಏನ್ ಅನ್ನೋ ವಾಸ್ತುಶಿಲ್ಪಿ ನಗರಸಭೆಗೆ ಕಟ್ಟಿದ್ದು, ಒಂದು ಕಿಲೋಮೀಟರಿಗೂ ಉದ್ದ, 1382 ಮನೆ. ಸ್ಟೇಷನ್ನಿಂದ ಹೊರಬಂದ್ರೆ ಎದುರಿಗೇ ಕೋಟೆ ತರ ಕೆಂಪು ಗೋಪುರಗಳು, ಕೆಳಗೆ ಆಳೆತ್ತರ ಮೀರಿದ ಕಮಾನುಗಳು. ಸಾಮಾನ್ಯವಾಗಿ ನಾನು ಇಲ್ಲಿ ಬಂದೋರಿಗೆ ಕಮಾನಿನ ಲಯ, ಬಾಲ್ಕನಿಯ ನೆರಳು ಅಂತ ಲೆಕ್ಚರ್ ಕೊಡ್ತೀನಿ. ಅವತ್ತು ಕೊಡೋಕೆ ಧೈರ್ಯ ಬರಲಿಲ್ಲ. ಅಮ್ಮನೇ ಕೇಳಿದ್ಲು, "ಒಳಗೆ ನಲ್ಲಿ ಇದ್ಯಾ?" ಇದೆ ಅಮ್ಮ, ಪ್ರತಿ ಮನೆಗೂ ನಲ್ಲಿ, ಪ್ರತಿ ಮನೆಗೂ ಟಾಯ್ಲೆಟ್, ಅದಕ್ಕೇ ಕಟ್ಟಿದ್ದು. ಸ್ನಾನಕ್ಕೆ ಮಾತ್ರ ಎಲ್ಲರಿಗೂ ಸೇರಿದ ಸ್ನಾನಗೃಹ. "ಹೋಗ್ಲಿ ಬಿಡು" ಅಂದ್ಲು, ಪಾಸ್ ಮಾರ್ಕ್ಸ್ ಕೊಟ್ಟ ಹಾಗೆ.

ದುಡ್ಡು ಯಾರು ಕೊಟ್ರು ಅಂತ ಅವಳ ಮುಂದಿನ ಪ್ರಶ್ನೆ. ಗೋಡೆ ಮೇಲೇ ಬರೆದಿದೆ, ಮನೆ ಕಟ್ಟೋ ತೆರಿಗೆ ದುಡ್ಡಲ್ಲಿ ವಿಯೆನ್ನಾ ನಗರಸಭೆ ಕಟ್ಟಿಸಿದ್ದು ಅಂತ. ದೊಡ್ಡ ಮನೆಯವರಿಗೆ ದೊಡ್ಡ ತೆರಿಗೆ, ಅದರ ಜೊತೆಗೆ ಶಾಂಪೇನಿಗೆ, ರೇಸ್ ಕುದುರೆಗೆ, ಮನೆಗೆಲಸಕ್ಕೆ ಎರಡನೇ ಆಳು ಇಟ್ಕೊಂಡ್ರೆ ಅದಕ್ಕೂ. ಎರಡನೇ ಆಳಿನ ವಿಷಯ ಕೇಳಿ ಅಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ, ನಮ್ಮ ಸಂಬಂಧಿಕರೊಬ್ಬರ ಹೆಸರು ತೆಗೆದು ಅವರಿಗೂ ಹಾಕಬೇಕಿತ್ತು ಅಂದ್ಲು. 1934ರ ಫೆಬ್ರವರಿಯಲ್ಲಿ ಇದೇ ಕಟ್ಟಡಕ್ಕೆ ಸರ್ಕಾರದ ಸೈನ್ಯ ಫಿರಂಗಿ ಹೊಡೆದಿದ್ದು ಹೇಳಿದೆ. ಸುಮ್ನೆ ಕೇಳಿಸ್ಕೊಂಡ್ಲು.

ಅಲ್ಲಿನ ಹಳೇ ಬಟ್ಟೆ ಒಗೆಯೋ ಮನೆಯಲ್ಲಿ ಒಂದು ಪುಟ್ಟ ಮ್ಯೂಸಿಯಂ ಇದೆ, ಭಾನುವಾರ ಮಧ್ಯಾಹ್ನ ತೆರೆದಿರತ್ತೆ. ಆಗಿನ ಕಾಲಕ್ಕೇ ಇಲ್ಲಿ ಬಟ್ಟೆ ಒಗೆಯೋಕೆ ಯಂತ್ರ, ಹಿಂಡೋಕೆ ಯಂತ್ರ. ಒಬ್ಬೊಬ್ಬ ಹೆಂಗಸಿಗೂ ತಿಂಗಳಿಗೊಂದು ಒಗೆಯೋ ದಿನ ಗೊತ್ತು ಮಾಡಿರೋರು. ಗಂಡಸರಿಗೆ ಪ್ರವೇಶ ಇಲ್ಲ, ಅಲ್ಲಿ ಉಸ್ತುವಾರಿ ನೋಡ್ಕೊಳ್ಳೋನನ್ನ ಬಿಟ್ಟು. "ಅಂದ್ರೆ ಒಗೆಯೋದು ಇಲ್ಲೂ ನಮ್ಮದೇ" ಅಂದ್ಲು ಅಮ್ಮ. ಆ ಸಾಲು ನಾನು ಎಷ್ಟೋ ಸಲ ಅಲ್ಲಿ ಓದಿದ್ದೀನಿ, ಒಂದು ಸಲಾನೂ ಆ ಕಡೆಯಿಂದ ನೋಡಿರಲಿಲ್ಲ.

ವಾಪಸ್ ಯು4 ಮೆಟ್ರೋಲಿ ಬರ್ತಾ ಸ್ಪಿಟ್ಟೆಲಾವ್ ಹತ್ರ ಬಣ್ಣಬಣ್ಣದ ಗೋಡೆ, ಚಿಮಣಿಗೆ ಚಿನ್ನದ ಗುಂಡು ನೋಡಿ, ಯಾವ ದೇವಸ್ಥಾನ ಅದು ಅಂದ್ಲು. ಕಸ ಸುಡೋ ಕಾರ್ಖಾನೆ, 1987ರಲ್ಲಿ ಬೆಂಕಿ ಬಿದ್ದಮೇಲೆ ಹುಂಡರ್ಟ್‌ವಾಸರ್ ಅನ್ನೋ ಕಲಾವಿದ ಹೀಗೆ ಸಿಂಗಾರ ಮಾಡಿದ್ದು, ಅದರ ಬಿಸಿಯಲ್ಲೇ ಊರಿನ ಮನೆಗಳು ಬೆಚ್ಚಗಿರೋದು ಅಂದೆ. ತುಂಬಾ ಹೊತ್ತು ಕಿಟಕಿಗೆ ಮುಖ ಒತ್ತಿ ನೋಡಿದ್ಲು. ಮೂರು ವಾರದಲ್ಲಿ ಅವಳು ತಾನಾಗೇ ಫೋಟೋ ತೆಗಿ ಅಂದಿದ್ದು ಅದೊಂದಕ್ಕೇ, ಅಷ್ಟರಲ್ಲಿ ರೈಲು ಮುಂದೆ ಹೋಗಿತ್ತು.

ಅವತ್ತು ರಾತ್ರಿನೂ ಮಲಗೋ ಮುಂಚೆ ಬಚ್ಚಲಲ್ಲಿ ಬಕೆಟ್ ತುಂಬಿಸಿಟ್ಲು, ಅಡುಗೆಮನೇಲಿ ದೊಡ್ಡ ಪಾತ್ರೆ ತುಂಬಿಸಿ ತಟ್ಟೆ ಮುಚ್ಚಿದ್ಲು. ಬಂದ ಮೊದಲ ದಿನದಿಂದ ಇದೇ. ಅಮ್ಮ ಇಲ್ಲಿ ನೀರು ನಿಲ್ಲಲ್ಲ ಅಂತ ಹೇಳಿ ಹೇಳಿ ಸಾಕಾಗಿ ಅದನ್ನೂ ಒಂದು ರೀಲ್ ಮಾಡಿ ಸ್ಟೋರಿಗೆ ಹಾಕಿದ್ದೆ, ನಗೋ ಎಮೋಜಿ ಸಮೇತ. ಅವತ್ತು ಮಾತಾಡದೆ ಪಕ್ಕದಲ್ಲಿ ನಿಂತು ತಟ್ಟೆ ಎತ್ತಿ ಕೊಟ್ಟೆ.

"ಅಲ್ಲಮ್ಮ, ನೀನು ಜಾರಿಬಿದ್ದಿದ್ದು ಯಾಕೆ ನಂಗೆ ಹೇಳೇ ಇಲ್ಲ" ಅಂತ ಕೇಳಿದೆ.

"ನೀನು ಕೇಳಿದ್ದು ರಂಗೋಲಿ ಬಗ್ಗೆ" ಅಂದ್ಲು.

ಕಲೀಗ್‌ಗೆ ಇವತ್ತು ಮೆಸೇಜ್ ಮಾಡಿದೆ. ಅಜ್ಜಿ ದಿನಾ ಹತ್ತು ಗಂಟೆ ಸುಮಾರಿಗೆ ಗಿಡಕ್ಕೆ ನೀರು ಹಿಡಿಯೋಕೆ ಹೊರಗೆ ಬರ್ತಾರಂತೆ. ನಾಳೆ ಶನಿವಾರ, ಅಮ್ಮ ಬಿಟ್ಟುಹೋದ ಕೋಡುಬಳೆ ಡಬ್ಬಿ ತಗೊಂಡು ಹೋಗ್ತೀನಿ. ಹೇಳಬೇಕಾದ್ದನ್ನ ಜರ್ಮನಲ್ಲಿ ಬರೆದಿಟ್ಕೊಂಡಿದ್ದೀನಿ, ನಾಲ್ಕು ಗಂಟೆ, ಎಂಟು ಮನೆ, ಏಳು ತಿಂಗಳು, ಎಲ್ಲಾ ಇದೆ. ಪಾಚಿಗೆ ಏನಂತಾರೆ ಅಂತ ಮಾತ್ರ ನೋಡ್ಕೊಬೇಕು.