ಹಪ್ಪಳದ ಮೆಸೇಜು: ಮೂರನೇ ರೌಂಡು

ಅತ್ತೆ ಹಲಸಿನಕಾಯಿ ಹಪ್ಪಳ ಒತ್ತುದು, ನಾನು ಅದಕ್ಕೆ ವಾಟ್ಸಾಪ್ ಮೆಸೇಜ್ ಬರಿಯುದು, ಕಾಸರಗೋಡು ಬದಿಯ ನಮ್ಮ ಬದಿಯಡ್ಕದ ಮನೆಯಲ್ಲಿ ಕೆಲಸ ಹಂಚಿದ್ದು ಹೀಗೆ. ಕಳೆದ ಸಲದ್ದು ಈಗ ಓದಿದ್ರೆ ನಂಗೇ ನಾಚಿಕೆ ಆಗ್ತದೆ ಮಾರಾಯ್ರೆ, "ಸಂಪ್ರದಾಯದ ಸವಿ, ಆರೋಗ್ಯದ ಸಿರಿ" ಹೇಳಿ ಶುರು, ಮತ್ತೆ ಹದಿನಾಲ್ಕು ಸಾಲು, ರೇಟು ಕಟ್ಟಕಡೆಗೆ. ಉದ್ದ ಮೆಸೇಜನ್ನು ವಾಟ್ಸಾಪ್ ಅರ್ಧಕ್ಕೇ ಮಡಚಿ 'ರೀಡ್ ಮೋರ್' ಹಾಕ್ತದಲ್ಲ, ರೇಟು ಅದರ ಅಡಿಗೆ ಹೋಗಿ ಕೂತಿತ್ತು. ರಿಪ್ಲೈ ಪೂರಾ ಕೈಮುಗಿದ ಇಮೋಜಿ. ಆರ್ಡರ್ ಎರಡು, ಒಂದು ಚಿಕ್ಕಮ್ಮನದ್ದು.

ಈ ಸಲ ಅತ್ತೆ ಫೋನಲ್ಲಿ ಮಾತಾಡುವಾಗ ಪಕ್ಕದಲ್ಲೇ ಕೂತು ಕೇಳಿದೆ. ಬಕ್ಕೆಯದ್ದಾ (ಗಟ್ಟಿ ಸೊಳೆಯ ಹಲಸು) ತುಳುವದ್ದಾ (ಮೆತ್ತಗಿನ ಸೊಳೆಯದ್ದು), ಒಂದು ಕಟ್ಟಿಗೆ ಎಷ್ಟು, ಖಾರ ಉಂಟಾ, ಜನ ಕೇಳುದು ಇಷ್ಟೇ. ಆರೋಗ್ಯ ಯಾರಿಗೂ ಬೇಡ, ಎಣ್ಣೆಯಲ್ಲಿ ಕರಿಯುವ ವಸ್ತುವಿಗೆ ನಾನು ಅದನ್ನು ಯಾಕೆ ಬರೆದೆನೋ. ಹೊಸದು:

"ಬಕ್ಕೆ ಹಲಸಿನಕಾಯಿ ಹಪ್ಪಳ. ಮೊನ್ನೆಯ ಬಿಸಿಲಲ್ಲಿ ಒಣಗಿದ್ದು. ಕಟ್ಟಿಗೆ 25, ರೂ. 100. ಖಾರದ್ದೂ ಸಪ್ಪೆಯೂ ಉಂಟು. ಎಷ್ಟು ಕಟ್ಟು ಬೇಕು ಬರೆಯಿರಿ, ಶನಿವಾರ ಪೇಟೆಗೆ ತರ್ತೇವೆ."

ಕೊನೆಗೆ ಮೊದಲು "ಸಂಪರ್ಕಿಸಿ" ಇತ್ತು. ಓದಿದವರಿಗೆ ಎಂತ ಮಾಡ್ಬೇಕು ಗೊತ್ತಾಗುದಿಲ್ಲ ಅದರಲ್ಲಿ, ತೆಗೆದೆ.

ಇದನ್ನೇ ಎಸ್ಸೆಮ್ಮೆಸ್ ಮಾಡುವ ಹೇಳಿ ಹೊರಟೆ, ಯಾಕಂದ್ರೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಅಂದ್ರೆ ಒಂದೇ ಮೆಸೇಜ್ ಒಟ್ಟಿಗೆ ಹಲವರಿಗೆ ಕಳಿಸುದು, ನಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ ಹೋಗುದು. ಆದ್ರೆ ಇಂಗ್ಲಿಷಿಗೆ 160 ಅಕ್ಷರ ಕೊಡುವ ಎಸ್ಸೆಮ್ಮೆಸ್ಸು ಕನ್ನಡಕ್ಕೆ ಕೊಡುದು 70, ಅದೂ ಒತ್ತು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. 'ಬಕ್ಕೆ' ಕಣ್ಣಿಗೆ ಎರಡಕ್ಷರ, ಅಲ್ಲಿ ಐದು! ಮೇಲಿನದ್ದು ಕಳಿಸಿದ್ರೆ ಮೂರು ಮೆಸೇಜಿನ ದುಡ್ಡು. ಬಿಟ್ಟೆ.

ಇದೇ ಮೆಸೇಜನ್ನು ಮಲಯಾಳದಲ್ಲಿ ಬರೆದದ್ದು ಬೇರೆ ಕಥೆ. ಬಕ್ಕೆ ಅನ್ನುದನ್ನು ಹಾಗೇ ಮಲಯಾಳ ಲಿಪಿಯಲ್ಲಿ ಇಳಿಸಿದ್ದೆ, ಪಕ್ಕದ ಮನೆಯ ಮಲಯಾಳಿ ಚೇಚಿ (ಅಕ್ಕ) ಇದೆಂತದು ಅಂತ ಕೇಳಿದ್ರು. ಬಕ್ಕೆಗೆ ಮಲಯಾಳದಲ್ಲಿ ಹೇಳುವ ಹಾಗೆ ವರಿಕ್ಕ ಅಂತ ತಿದ್ದಿದ ಮೇಲೆ ಅವರೇ ಎರಡು ಕಟ್ಟು ತಗೊಂಡ್ರು.

ಸಂಜೆಗೆ ಆರ್ಡರ್ 31, ಮನೆಯಲ್ಲಿ ಇದ್ದದ್ದು 22 ಕಟ್ಟು. ಎಷ್ಟು ಉಂಟು ಹೇಳಿ ಬರೀಲೇ ಇಲ್ಲ ನಾನು, ಅತ್ತೆಯ ಕೈಯಿಂದ ಸರಿಯಾಗಿ ಬೈಸಿಕೊಂಡೆ. ಉಳಿದ ಒಂಬತ್ತು ಚಾಪೆಯ ಮೇಲೆ ಅರ್ಧ ಒಣಗಿ ಬಿದ್ದಿದೆ, ಬೆಳಿಗ್ಗೆಯಿಂದ ಮೋಡ. ಬಿಸಿಲಿನ ಸಾಲನ್ನು ಮುಂದಿನ ಮೆಸೇಜಿಂದ ಸದ್ಯಕ್ಕೆ ತೆಗೆದಿಟ್ಟಿದ್ದೇನೆ.